ಮಾರಮ್ಮನ ಕಾಲಿನ ಮೋಟಾರು

ಗೊಟ್ಟಿಗೆರೆಯ ಹಳೇ ಊರಿನೊಳಗೆ ಪಿಳ್ಳಣ್ಣನ ಅನುಮಾನಕ್ಕೆ ಸಿಗದ ಮನುಷ್ಯನೇ ಇಲ್ಲ. ಹಾಲಿನ ಪ್ಯಾಕೆಟ್ಟು ಕೈಗೆ ಬಂದರೆ ಅವನು ಮೊದಲು ಅದನ್ನು ಹಿಚುಕಿ ನೋಡುತ್ತಾನೆ. ಗ್ಯಾಸಿನವನು ಸಿಲಿಂಡರ್ ಇಳಿಸಿದರೆ ಅದನ್ನು ಅಲುಗಾಡಿಸಿ ಕಿವಿಗೊಟ್ಟು ಕೇಳುತ್ತಾನೆ. ಕರೆಂಟಿನ ಮೀಟರ್ ಓದಲು ಬಂದವನ ಹೆಗಲ ಮೇಲಿಂದ ಬಗ್ಗಿ ತಾನೂ ಓದುತ್ತಾನೆ. ಇಷ್ಟು ವರ್ಷದಲ್ಲಿ ಒಬ್ಬನೂ ಅವನ ಕೈಗೆ ಸಿಕ್ಕಿಬಿದ್ದಿಲ್ಲ. ತಾನು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದರಿಂದಲೇ ಯಾರೂ ಮೋಸಕ್ಕೆ ಕೈ ಹಾಕುವುದಿಲ್ಲ ಎಂದು ಅವನ ಲೆಕ್ಕ.

ಕಾವೇರಿ ನೀರು ಬರುವುದಕ್ಕೆ ಮುಂಚೆ ಊರಿಗೆ ನೀರು ಬಿಡುತ್ತಿದ್ದವನು ಅವನೇ. ಕೆರೆ ಏರಿಯ ಪಕ್ಕದ ಪಂಪ್‌ಹೌಸಿನ ಬೀಗದ ಕೈ ಅವನ ಸೊಂಟದಲ್ಲೇ ನೇತಾಡುತ್ತಿತ್ತು, ಹಾಗಾಗಿ ಊರಿನವರಿಗೆ ಅವನು ಮೋಟಾರ್ ಪಿಳ್ಳಣ್ಣ. ಸುತ್ತಮುತ್ತಲ ಬೋರ್‌ವೆಲ್ಲುಗಳಲ್ಲಿ ಬೇಸಿಗೆ ಬಂದರೆ ಮೋಟಾರು ಸುಡದ ವರ್ಷವಿರಲಿಲ್ಲ, ಪಿಳ್ಳಣ್ಣನ ಕೈಯಲ್ಲಿ ಮಾತ್ರ ಒಂದೂ ಸುಟ್ಟಿಲ್ಲ. ಅವನ ಗುಟ್ಟು ಇಷ್ಟೇ. ನೀರು ಎಳೆಯುವ ಮೋಟಾರಿನ ಸದ್ದು ಒಂದು ಥರ, ನೀರಿಲ್ಲದೆ ಖಾಲಿ ಓಡುವ ಮೋಟಾರಿನ ಸದ್ದು ಇನ್ನೊಂದು ಥರ. ಖಾಲಿ ಓಡುವ ಸದ್ದು ಕಿವಿಗೆ ಬಿದ್ದ ಕೂಡಲೇ ನಿಲ್ಲಿಸಬೇಕು. ಒಳಗೆ ನೀರು ಊರುವವರೆಗೆ ಸುಮ್ಮನಿದ್ದು ಮತ್ತೆ ಹಾಕಿದರೆ ಭರ್ರನೆ ಬರುತ್ತದೆ. ಮೋಟಾರೂ ಉಳಿಯಿತು, ನೀರೂ ಸಿಕ್ಕಿತು.

ಇಂಥವನ ಮನೆಯೊಳಗೇ ಈ ವರ್ಷ ಒಂದು ಮೋಟಾರು ಬಂದು ಕೂತಿತು. ಅದೂ ಹೆಂಡತಿ ಮಾರಮ್ಮನ ಕಾಲಿಗೆ.

ಮಾರಮ್ಮನಿಗೆ ಸಕ್ಕರೆ ಕಾಯಿಲೆ ಹಳೆಯದು. ಪಾದದಲ್ಲಿ ಮುಟ್ಟಿದ್ದು ಗೊತ್ತಾಗುವುದು ಎಂದೋ ನಿಂತುಹೋಗಿತ್ತು. ಚಪ್ಪಲಿಯೊಳಗೆ ಒಂದು ಜಲ್ಲಿ ಚೂರು ಸೇರಿಕೊಂಡಿದ್ದರೂ ಆಕೆ ಅದರ ಮೇಲೇ ಓಡಾಡಿಕೊಂಡು ಅವರೆಕಾಯಿ ತಂದು, ಸುಲಿದು, ಸಾರು ಮಾಡಿ ಬಡಿಸಿದ್ದಳು. ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ಮಗಳು ಇಂದ್ರಾಣಿ ಕಿರುಚಿಕೊಂಡಾಗಲೇ ಎಲ್ಲರಿಗೂ ಗೊತ್ತಾದದ್ದು. ಇಂದ್ರಾಣಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್. ಗಂಡ ತೀರಿಕೊಂಡ ಮೇಲೆ ಅಪ್ಪ ಅಮ್ಮನ ಜೊತೆಗೇ ಇದ್ದಾಳೆ. ಗಾಯ ವಾಸಿಯಾಗದೆ ಕೀವಾಗಿ, ಕೊನೆಗೆ ಜಯನಗರದ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಶಶಿಧರ್ ಕೊಳೆತ ಮಾಂಸವನ್ನೆಲ್ಲ ಕೆರೆದು ತೆಗೆದರು. ಅಂಗಾಲಿನಲ್ಲಿ ನಿಂಬೆಹಣ್ಣು ಕೂರುವಷ್ಟು ಗುಳಿಯಾಯಿತು.

"ಗುಳಿ ಒಳಗಿಂದ ತುಂಬ್ಕೊಂಡು ಬರಬೇಕು," ಎಂದರು ಡಾಕ್ಟರು. "ಅದಕ್ಕೇ ಒಂದು ಮಷೀನ್ ಹಾಕಿ ಮನೆಗೆ ಕಳಿಸ್ತೀನಿ. ತುಂಬಿದ್ರೆ ಕಾಲು ಉಳಿಯುತ್ತೆ. ಕೀವು ಮೂಳೆಗೆ ಇಳೀತು ಅಂದ್ರೆ ಮಾತ್ರ ಮೊಣಕಾಲಿನ ಕೆಳಗೆ ತೆಗೀಬೇಕಾಗುತ್ತೆ. ಈಗ್ಲೇ ಹೇಳಿದೀನಿ."

ಮಾರಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಒಂದು ಕಾಲಿಲ್ಲದ ಆಕೆಯನ್ನು ನೆನೆಸಿಕೊಳ್ಳಲು ಪಿಳ್ಳಣ್ಣನಿಂದ ಆಗಲೇ ಇಲ್ಲ.

ಮಷೀನಿನ ಜೊತೆಗೆ ಬಂದವನು ಸಂಗಮೇಶ. ಮನೆಗೇ ಬಂದು ಗಾಯ ತೊಳೆದು ಕಟ್ಟುವ ನರ್ಸು. ಬಾಗಲಕೋಟೆ ಕಡೆಯವನು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಾನೆ, ಯಾವುದೋ ಕಂಪನಿಯ ಕಡೆಯಿಂದ ಸ್ಕೂಟರಿನಲ್ಲಿ ಮನೆಮನೆ ಸುತ್ತುತ್ತಾನೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ನಮಸ್ಕಾರ್ರಿ ಅಜ್ಜಾರ," ಎಂದ. ಅಜ್ಜ ಎಂದದ್ದೇ ಪಿಳ್ಳಣ್ಣನಿಗೆ ಸರಿಬರಲಿಲ್ಲ.

ಆದರೂ ಅವನ ಕೆಲಸವನ್ನು ಹತ್ತಿರವೇ ಕೂತು ನೋಡಿದ. ಸಂಗಮೇಶ ಕೈಗೆ ಗ್ಲೌಸು ಹಾಕಿಕೊಂಡು ಸಲೈನಿನಿಂದ ಗುಳಿಯನ್ನು ತೊಳೆದ. ಕಪ್ಪು ಸ್ಪಂಜನ್ನು ಗುಳಿಯ ಅಳತೆಗೆ ಕತ್ತರಿಸಿ ಒಳಗೆ ಕೂರಿಸಿದ. ಮೇಲೆ ಪಾರದರ್ಶಕ ಹಾಳೆಯೊಂದನ್ನು ಗಾಳಿಯಾಡದ ಹಾಗೆ ಅಂಟಿಸಿ, ನಡುವೆ ತೂತು ಮಾಡಿ ಅಲ್ಲಿಗೆ ಟ್ಯೂಬು ಕೂರಿಸಿದ. ಟ್ಯೂಬಿನ ಇನ್ನೊಂದು ತುದಿಗೆ ಟಿಫಿನ್ ಬಾಕ್ಸಿನಷ್ಟು ಮಷೀನು, ಅದರ ಪಕ್ಕಕ್ಕೆ ಗಾಯದ ನೀರು ಬಂದು ಬೀಳಲು ಒಂದು ಡಬ್ಬಿ. ಸ್ವಿಚ್ಚು ಒತ್ತಿದ ಕೂಡಲೇ ಗೊರ್ ಎಂದು ಸದ್ದು ಬಂದು ಸ್ಪಂಜು ಒಣದ್ರಾಕ್ಷಿಯ ಹಾಗೆ ಮುದುರಿಕೊಂಡಿತು.

ಪಿಳ್ಳಣ್ಣನ ಕಿವಿ ನೆಟ್ಟಗಾಯಿತು. "ಎಷ್ಟು ಎಚ್‌ಪಿ ಇದು?"

ಸಂಗಮೇಶ ನಕ್ಕುಬಿಟ್ಟ. "ಎಚ್‌ಪಿ ಗಿಚ್‌ಪಿ ಏನೂ ಇಲ್ರಿ ಅಜ್ಜಾರ. ಸಣ್ಣದೈತಿ. ಗಾಯದಾಗಿನ ಕೆಟ್ಟ ನೀರು ಎಳಕೊಂತ ಇರ್ತೈತಿ. ಹಗಲು ರಾತ್ರಿ ಓಡ್ತಿರಬೇಕ್ರಿ, ಬಂದ್ ಮಾಡಬ್ಯಾಡ್ರಿ. ಎರಡು ದಿನ ಬಿಟ್ಟು ಬಂದು ಸ್ಪಂಜು ಬದಲು ಮಾಡ್ತೀನಿ."

ಹಗಲೂ ರಾತ್ರಿ ಓಡುವ ಮೋಟಾರನ್ನು ಪಿಳ್ಳಣ್ಣ ಭೂಮಿ ಮೇಲೆ ಕಂಡಿರಲಿಲ್ಲ. ನಕ್ಕದ್ದನ್ನಂತೂ ಮರೆಯಲಿಲ್ಲ. ಬಾಡಿಗೆ ಮಷೀನಲ್ಲವೇ, ಓಡಿದಷ್ಟೂ ಅವರಿಗೆ ಲಾಭ ಇರಬೇಕು, ಸುಟ್ಟುಹೋದರೆ ನಮ್ಮ ತಲೆಗೆ ಕಟ್ಟುತ್ತಾರೆ, ಎಂದುಕೊಂಡ.

ಮೊದಮೊದಲು ಟ್ಯೂಬಿನಲ್ಲಿ ಕೆಂಪು ನೀರು ತೊಟ್ಟಿಕ್ಕುತ್ತ ಬರುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ, ಇಂದ್ರಾಣಿ ಕೆಲಸಕ್ಕೆ ಹೋಗಿದ್ದಾಗ, ಪಿಳ್ಳಣ್ಣ ಊಟ ಮಾಡಿ ಕೈತೊಳೆದು ಬರುತ್ತಾನೆ, ಸದ್ದು ಬದಲಾಗಿದೆ. ಬಗ್ಗಿ ನೋಡಿದರೆ ಟ್ಯೂಬು ಒಣಗಿಕೊಂಡು ಬೆಳ್ಳಗಿದೆ, ಒಂದು ಹನಿ ಇಲ್ಲ. ಮಷೀನು ಮಾತ್ರ ಗೊರಗೊರ ಅನ್ನುತ್ತಿದೆ. ಕೈಯಿಟ್ಟರೆ ಬೆಚ್ಚಗಿತ್ತು. ಖಾಲಿ ಓಡುತ್ತಿದೆ! ಅವನ ಕೈ ತಾನಾಗಿಯೇ ಸ್ವಿಚ್ಚಿನ ಮೇಲೆ ಹೋಯಿತು.

ಮಂಚದ ಮೇಲಿಂದ ಮಾರಮ್ಮ ತಲೆಯೆತ್ತಿದಳು. "ಆ ಹುಡುಗ ನಿಲ್ಲಿಸ್ಬೇಡಿ ಅಂದಿದ್ನಲ್ಲ."

"ಅವನಿಗೇನು ಗೊತ್ತು? ನೀರಿಲ್ದೆ ಓಡ್ತಾ ಇದೆ ಕಣೇ. ಕಾಯಿಲ್ ಸುಟ್ಟೋಗ್ತದೆ. ಸ್ವಲ್ಪ ರೆಸ್ಟ್ ಕೊಡೋಣ, ಒಳಗೆ ನೀರು ಊರ್ಲಿ."

"ನಿಂಗೆ ಗೊತ್ತಿರ್ತದೆ ಬಿಡು," ಎಂದು ಮಾರಮ್ಮ ಗೋಡೆಯ ಕಡೆ ಮಗ್ಗುಲಾದಳು. ಸದ್ದು ನಿಂತದ್ದು ಆಕೆಗೂ ಹಿತವಾಗಿತ್ತು, ಹಾಯಾಗಿ ನಿದ್ದೆ ಮಾಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಪಿಳ್ಳಣ್ಣ ಮತ್ತೆ ಸ್ವಿಚ್ಚು ಹಾಕಿದ. ಅವನು ಅಂದುಕೊಂಡದ್ದು ಅಂದುಕೊಂಡ ಹಾಗೇ ಆಯಿತು. ಟ್ಯೂಬಿನಲ್ಲಿ ಕಂದು ಬಣ್ಣದ ನೀರು ಸರ್ರನೆ ಏರಿ ಬಂದು ಡಬ್ಬಿಗೆ ಬಿತ್ತು. ಪಿಳ್ಳಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ ಪಂಪ್‌ಹೌಸು ಬಿಟ್ಟ ಮೇಲೆ ಅಷ್ಟು ಖುಷಿ ಅವನಿಗೆ ಆಗಿರಲಿಲ್ಲ. ಇಷ್ಟು ಕೆಟ್ಟ ನೀರನ್ನು ಆ ಹುಡುಗನ ಲೆಕ್ಕದಲ್ಲಿ ಓಡಿಸಿದ್ದರೆ ತೆಗೆಯಲು ಆಗುತ್ತಿತ್ತೇ? ಅಂದಿನಿಂದ ಊಟವಾದ ಮೇಲೆ ಮಷೀನಿಗೂ ಮಾರಮ್ಮನಿಗೂ ಒಟ್ಟಿಗೇ ವಿಶ್ರಾಂತಿ. ಇಂದ್ರಾಣಿಗೆ ಇದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದ್ದು ಅನ್ನಿಸಲಿಲ್ಲ. ಪಂಪ್‌ಹೌಸಿನಲ್ಲೂ ಅವನು ಯಾರನ್ನೂ ಕೇಳಿ ಸ್ಟಾರ್ಟರ್ ಒತ್ತಿದವನಲ್ಲ.

ಮುಂದಿನ ಸಲ ಸಂಗಮೇಶ ಹಾಳೆ ಬಿಚ್ಚಿದಾಗ ಮೂಗು ಸಿಂಡರಿಸಿದ. ಹಾಳೆಯ ಅಂಚುಗಳು ಎದ್ದುಬಂದಿದ್ದವು, ಸುತ್ತಲ ಚರ್ಮ ನೀರಲ್ಲಿ ನೆನೆದ ಬೆರಳಿನ ಹಾಗೆ ಬಿಳಚಿಕೊಂಡಿತ್ತು. ಒಂದು ಥರ ಹುಳಿ ವಾಸನೆ ಬರುತ್ತಿತ್ತು.

"ಹೀಂಗ್ಯಾಕಾತು?" ಎಂದು ತನ್ನಷ್ಟಕ್ಕೇ ಅಂದುಕೊಂಡು, "ಮಷೀನ್ ಬರೋಬರಿ ಓಡಾಕತ್ತೈತೇನ್ರಿ ಅಜ್ಜಾರ?" ಎಂದು ಕೇಳಿದ.

"ಸಖತ್ತಾಗಿ ಓಡ್ತಾ ಇದೆ. ನಾನಿರೋವರ್ಗೂ ಅದಕ್ಕೇನೂ ಆಗಲ್ಲ."

ಸಂಗಮೇಶ ಸ್ಪಂಜನ್ನು ತೆಗೆದು ವಾಸನೆ ನೋಡಿದ, ಮೊಬೈಲಿನಲ್ಲಿ ಗಾಯದ ಫೋಟೋ ಹೊಡೆದುಕೊಂಡ, ಸ್ಪಂಜನ್ನು ಹಳದಿ ಕವರಿಗೆ ಹಾಕಿ ಗಂಟು ಬಿಗಿದು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಈ ಮೂರೂ ಪಿಳ್ಳಣ್ಣನ ಕಣ್ಣಿಗೆ ಬಿದ್ದವು, ಒಂದೊಂದೂ ಒಂದೊಂದು ಅನುಮಾನವಾಯಿತು. ಹೆಂಗಸಿನ ಕಾಲಿನ ಫೋಟೋ ಇವನಿಗೆ ಯಾಕೆ? ಕೊಳೆತ ಸ್ಪಂಜನ್ನು ನಮ್ಮ ಮನೆಯ ಕಸಕ್ಕೆ ಹಾಕದೆ ಜೋಪಾನವಾಗಿ ಒಯ್ಯುವುದು ಯಾಕೆ?

ಅವನು ಹೊರಟ ಮೇಲೆ ಪಿಳ್ಳಣ್ಣ ಶರ್ಟು ಹಾಕಿಕೊಂಡು ಹಿಂದೆಯೇ ನಡೆದ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸ್ಕೂಟರೂ ಕಾಲ್ನಡಿಗೆಯೂ ಒಂದೇ ವೇಗವಾದ್ದರಿಂದ ತೊಂದರೆಯಾಗಲಿಲ್ಲ. ಸಂಗಮೇಶ ಒಂದು ಕಡೆ ಟೀ ಕುಡಿದ. ಆಮೇಲೆ ಅದೇ ಪೆಟ್ಟಿಗೆ ಹಿಡಿದುಕೊಂಡು ಒಂದು ಅಪಾರ್ಟ್‌ಮೆಂಟಿನೊಳಗೆ ಹೋದ. ವಾಚ್‌ಮನ್ನನ್ನು ವಿಚಾರಿಸಿದರೆ, ಅಲ್ಲೂ ಒಬ್ಬರಿಗೆ ಬೆನ್ನಿನಲ್ಲಿ ಗಾಯವಂತೆ, ಇದೇ ಮಷೀನಂತೆ. ಪಿಳ್ಳಣ್ಣನಿಗೆ ಎಲ್ಲ ನಿಚ್ಚಳವಾಗಿ ಕಂಡಿತು. ಇಲ್ಲಿಯ ಸ್ಪಂಜು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ! ತೊಳೆದು ತೊಳೆದು ಹಾಕುತ್ತಿದ್ದಾನೆ. ವಾಸನೆ ಬಾರದೆ ಇನ್ನೇನು?

ಸಾಕ್ಷಿ ಬೇಕಿತ್ತು. ಮುಂದಿನ ಸಲ ಸಂಗಮೇಶ ಕೈತೊಳೆಯಲು ಬಚ್ಚಲಿಗೆ ಹೋದಾಗ ಪಿಳ್ಳಣ್ಣ ಹಳದಿ ಕವರು ಬಿಚ್ಚಿ, ಹಳೇ ಸ್ಪಂಜಿನ ಮೂಲೆಗೆ ಕೆಂಪು ದಾರದ ಒಂದು ಹೊಲಿಗೆ ಹಾಕಿ ಮತ್ತೆ ಕಟ್ಟಿಟ್ಟ. ಅದರ ಮುಂದಿನ ಸಲ ಬಂದ ಸ್ಪಂಜಿನಲ್ಲಿ ದಾರವಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಪಾಪ, ಹುಡುಗ ಹೊಸದೇ ತರುತ್ತಾನೆ ಎಂದುಕೊಳ್ಳುತ್ತಿದ್ದರು. ಪಿಳ್ಳಣ್ಣ, ದಾರವಿದ್ದ ಮೂಲೆಯನ್ನೇ ಕತ್ತರಿಸಿ ತಂದಿದ್ದಾನೆ ಖದೀಮ, ಎಂದುಕೊಂಡ.

ವಾಸನೆ ಹೆಚ್ಚುತ್ತಲೇ ಹೋಯಿತು. ಗುಳಿ ತುಂಬುವ ಬದಲು ಪಕ್ಕಕ್ಕೆ ಕೊರೆದುಕೊಂಡು ಕಿರುಬೆರಳಿನ ಬುಡದವರೆಗೆ ಹೋಗಿತ್ತು. ಸಂಗಮೇಶನ ಮುಖದಲ್ಲಿ ನಗು ಉಳಿದಿರಲಿಲ್ಲ.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ, ಒಂದು ಕೇಳ್ತೀನಿ," ಎಂದ. "ಮಷೀನ್ ನಡುವ ಯಾರಾರ ಬಂದ್ ಮಾಡ್ತಾರೇನ್ರಿ? ಬಂದ್ ಆದ್ರ ಕೆಟ್ಟ ನೀರು ಒಳಗ ನಿಂದ್ರತೈತ್ರಿ. ಹಂಗ ನಿಂತ್ರನ ಹಿಂಗ ಆಗೂದು."

ಮಾರಮ್ಮ ಗಂಡನ ಮುಖ ನೋಡಿದಳು. ಪಿಳ್ಳಣ್ಣನ ಎದೆಯಲ್ಲಿ ಏನೋ ಒಂದು ಅಲುಗಾಡಿದ್ದು ಸುಳ್ಳಲ್ಲ. ಆದರೆ ರೆಸ್ಟು ಕೊಡುವುದು ಬಂದ್ ಮಾಡುವುದಲ್ಲವಲ್ಲ? ಅಲುಗಾಡಿದ್ದನ್ನು ಅವನು ಸಿಟ್ಟಿನಿಂದ ಮುಚ್ಚಿಬಿಟ್ಟ.

"ಏನಪ್ಪಾ, ನಿನ್ ಕೆಲಸ ಕೆಟ್ರೆ ನಮ್ ಮೇಲೆ ಗೂಬೆ ಕೂರಿಸ್ತೀಯಾ? ನಾನ್ ಮೋಟಾರ್ ಕಂಡೋನು! ನಿನ್ ಸ್ಪಂಜಿನ ವಿಷ್ಯ ನಂಗೆ ಗೊತ್ತಿಲ್ಲ ಅನ್ಕೊಂಡಿದೀಯಾ? ಅಪಾರ್ಟ್‌ಮೆಂಟಿನ ವಿಷ್ಯ ಗೊತ್ತಿಲ್ಲ ಅನ್ಕೊಂಡಿದೀಯಾ?"

ಸಂಗಮೇಶನಿಗೆ ತಲೆಬುಡ ಅರ್ಥವಾಗಲಿಲ್ಲ. "ಯಾವ ಸ್ಪಂಜ್ರಿ?" ಎಂದ. ಅವನು ಕಕ್ಕಾಬಿಕ್ಕಿಯಾದದ್ದೇ ಪಿಳ್ಳಣ್ಣನಿಗೆ ದೊಡ್ಡ ಪುರಾವೆಯಾಯಿತು.

ಸಂಜೆ ಇಂದ್ರಾಣಿ ಬರುವ ಹೊತ್ತಿಗೆ ಮಾರಮ್ಮನಿಗೆ ಚಳಿ ಜ್ವರ. ಎರಡು ರಗ್ಗು ಹೊದಿಸಿದರೂ ನಡುಗುತ್ತಿದ್ದಳು. ಪಿಳ್ಳಣ್ಣ ಮಗಳಿಗೆ ಫೋಟೋ, ಹಳದಿ ಕವರು, ಅಪಾರ್ಟ್‌ಮೆಂಟು, ಕೆಂಪು ದಾರ ಎಲ್ಲವನ್ನೂ ಬಿಡಿಸಿ ಹೇಳಿದ. ಮಷೀನ್ ಬಂದ್ ಮಾಡ್ತೀರಾ ಎಂದು ಕೇಳಿ ತಪ್ಪನ್ನು ನಮ್ಮ ಮೇಲೇ ಹೊರಿಸಲು ನೋಡಿದ ಎಂದೂ ಸೇರಿಸಿದ. ಇಂದ್ರಾಣಿ ಅಪ್ಪನ ಅನುಮಾನಗಳನ್ನು ಚಿಕ್ಕಂದಿನಿಂದ ಕೇಳಿ ಕೇಳಿ ಬೇಸತ್ತವಳು. ಆದರೆ ಮುಂದೆ ಅಮ್ಮ ಹಲ್ಲು ಕಟಕಟ ಅನ್ನಿಸುತ್ತ ಮಲಗಿದ್ದಾಳೆ, ಕಾಲು ನಾರುತ್ತಿದೆ. ಆಕೆಗೂ ಯಾರ ಮೇಲಾದರೂ ಕೂಗಾಡಬೇಕಿತ್ತು. ಕಂಪನಿಗೆ ಫೋನು ಹಚ್ಚಿ ಕೂಗಾಡಿದಳು. ಆ ಹುಡುಗ ಗಲೀಜು, ಹಳೇ ಸ್ಪಂಜು ಹಾಕುತ್ತಾನೆ, ಇನ್ನು ನಮ್ಮ ಮನೆಗೆ ಕಾಲಿಡಬಾರದು ಎಂದಳು. ವಿಚಾರಿಸುತ್ತೇವೆ ಮೇಡಂ, ಅಲ್ಲಿಯವರೆಗೆ ಅವನಿಗೆ ಎಲ್ಲೂ ಡ್ಯೂಟಿ ಕೊಡುವುದಿಲ್ಲ ಎಂದು ಅವರು ಹೇಳಿದರು. ಪಿಳ್ಳಣ್ಣ ತೃಪ್ತಿಯಿಂದ ತಲೆದೂಗಿದ.

ಅಲ್ಲಿಂದ ಆಟೋ ಹಿಡಿದು ಜಯನಗರದ ಆಸ್ಪತ್ರೆಗೆ ಓಡಿದರು.

ಡಾಕ್ಟರ್ ಶಶಿಧರ್ ಗಾಯದೊಳಗೆ ಕಡ್ಡಿಯಂಥದ್ದನ್ನು ಇಳಿಸಿ ನೋಡಿದರು. ಅದು ಒಳಗೆ ಟಕ್ ಎಂದು ಯಾವುದಕ್ಕೋ ತಾಗಿತು. "ಮೂಳೆ," ಎಂದರು. ಕಿರುಬೆರಳು, ಅದರ ಪಕ್ಕದ್ದು, ಎರಡನ್ನೂ ಆವತ್ತೇ ತೆಗೆಯಬೇಕಾಯಿತು. ಉಳಿದ ಪಾದದ ಮಾತು ಈಗಲೇ ಹೇಳಲಾಗದು, ಮತ್ತೆ ಮಷೀನು ಹಾಕಿ ನೋಡೋಣ, ಈ ಸಲ ತುಂಬದಿದ್ದರೆ ನನ್ನನ್ನು ಕೇಳಬೇಡಿ ಎಂದರು.

"ಮನೇಲಿ ಮಷೀನ್ ಸರಿಯಾಗಿ ಓಡಿಸ್ತಾ ಇದ್ರಾ?"

"ದಿನಾ ಓಡಿಸ್ತಿದ್ವಿ ಸಾರ್," ಎಂದ ಪಿಳ್ಳಣ್ಣ. "ಎಲ್ಲಾ ಆ ನರ್ಸ್ ಹುಡುಗನ ಕೆಲಸ."

"ಹಾಗಿದ್ರೆ ಆ ಹುಡುಗನ ಮೇಲೆ ನಾನೂ ಬರೀತೀನಿ. ಇಂಥೋರು ಈ ಕೆಲಸದಲ್ಲಿ ಇರಬಾರದು," ಎಂದು ಡಾಕ್ಟರು ಹಲ್ಲು ಕಚ್ಚಿದರು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಮಾರಮ್ಮ ಕಣ್ಣುಮುಚ್ಚಿ ಮಲಗಿದ್ದಳು. ಕಾಲಿಗೆ ಹೊಸ ಸ್ಪಂಜು, ಹೊಸ ಹಾಳೆ, ಹೊಸ ಮಷೀನು. ಇಂದ್ರಾಣಿ ಕಿಟಕಿಯ ಬಳಿ ಇಡ್ಲಿ ಪೊಟ್ಟಣ ಬಿಚ್ಚುತ್ತಿದ್ದಳು. ಡಾಕ್ಟರು ರೌಂಡ್ಸಿಗೆ ಬಂದು ಪಕ್ಕದ ಮಂಚದವರನ್ನು ಮಾತಾಡಿಸುತ್ತಿದ್ದರು. ಸ್ಟೂಲಿನ ಮೇಲೆ ಕೂತಿದ್ದ ಪಿಳ್ಳಣ್ಣನಿಗೆ ಸದ್ದು ಬದಲಾದದ್ದು ಕೇಳಿಸಿತು. ನೋಡಿದ, ಟ್ಯೂಬು ಒಣಗಿದೆ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಿಗೂ ಅದರ ಗಮನವಿಲ್ಲ! ಪಕ್ಕನೆ ಎದ್ದು ಸ್ವಿಚ್ಚು ಆರಿಸಿದ.

"ಏಯ್, ಏನ್ ಮಾಡ್ತಿದೀರಿ?" ಡಾಕ್ಟರು ಅಲ್ಲಿಂದಲೇ ಕೂಗಿದರು.

"ಖಾಲಿ ಓಡ್ತಾ ಇತ್ತು ಸಾರ್," ಎಂದ ಪಿಳ್ಳಣ್ಣ, ಉಪಕಾರ ಮಾಡಿದವನ ಗತ್ತಿನಲ್ಲಿ. "ನಿಮ್ ಸಿಸ್ಟರ್‌ಗಳು ನೋಡ್ಲಿಲ್ಲ. ಕಾಯಿಲ್ ಸುಟ್ಟೋಗಿರೋದು. ಮನೇಲೂ ಅಷ್ಟೇ, ದಿನಾ ಮಧ್ಯಾಹ್ನ ಸ್ವಲ್ಪ ಹೊತ್ತು ನಿಲ್ಲಿಸ್ತಿದ್ದೆ. ನೀರು ಊರಿದ ಮೇಲೆ ಹಾಕಿದ್ರೆ ಎಷ್ಟು ಬರೋದು ಗೊತ್ತಾ ಸಾರ್? ಡಬ್ಬಿ ತುಂಬಾ ಬರೋದು."

ಇಂದ್ರಾಣಿಯ ಕೈಯಲ್ಲಿದ್ದ ಇಡ್ಲಿ ಪೊಟ್ಟಣ ಹಾಗೇ ನಿಂತಿತು. ಡಾಕ್ಟರು ಹತ್ತಿರ ಬಂದು ಮೊದಲು ಸ್ವಿಚ್ಚು ಹಾಕಿದರು. ಕೂಗಾಡಲಿಲ್ಲ. ಕೂಗಾಡಿದ್ದರೇ ಒಳ್ಳೆಯದಿತ್ತು ಎಂದು ಪಿಳ್ಳಣ್ಣನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

"ಯಜಮಾನ್ರೇ, ಇದು ಬೋರ್‌ವೆಲ್ ಅಲ್ಲ," ಎಂದರು ಮೆಲ್ಲಗೆ. "ಬೋರ್‌ನಲ್ಲಿ ನೀರು ಬೇಕು. ಇಲ್ಲಿ ನೀರು ಇರಲೇಬಾರದು. ಟ್ಯೂಬ್ ಒಣಗಿತ್ತು ಅಂದ್ರೆ ಗಾಯ ವಾಸಿಯಾಗ್ತಾ ಇತ್ತು ಅಂತ. ನೀವು ನಿಲ್ಲಿಸಿ ಊರಿಸಿದ್ರಲ್ಲ, ಅದು ಕೀವು. ದಿನಾ ಅದನ್ನ ಗಾಯದಲ್ಲಿ ಕಟ್ಟಿ ನಿಲ್ಲಿಸ್ತಿದ್ರಿ."

ಪಿಳ್ಳಣ್ಣ ಸ್ಟೂಲಿನ ಮೇಲೆ ಕೂತ. ಸರ್ರನೆ ಏರಿ ಬರುತ್ತಿದ್ದ ಆ ಕಂದು ನೀರು, ಅದನ್ನು ನೋಡಿ ತಾನು ಪಟ್ಟ ಖುಷಿ, ಎಲ್ಲ ಒಟ್ಟಿಗೇ ನೆನಪಿಗೆ ಬಂತು.

"ಅಪ್ಪಾ," ಎಂದಳು ಇಂದ್ರಾಣಿ, "ಆ ಹುಡುಗ ನಿನ್ನೆ ನಿನ್ನನ್ನ ಕೇಳಿದ್ನಂತಲ್ಲ? ಬಂದ್ ಮಾಡ್ತೀರಾ ಅಂತ?"

ಉತ್ತರ ಬಂದದ್ದು ಮಂಚದಿಂದ. ಮಾರಮ್ಮ ಕಣ್ಣು ಬಿಟ್ಟಿದ್ದಳು. "ನಂಗೂ ಗೊತ್ತಿತ್ತು ಕಣಮ್ಮ ನಿಲ್ಲಿಸೋದು. ದಿನಾ ನೋಡ್ತಾನೇ ಇದ್ದೆ. ಊರಿನ ಮೋಟಾರೆಲ್ಲ ಕಾಪಾಡಿದೋನು, ನನ್ ಕಾಲಿಂದು ಕಾಪಾಡಲ್ವಾ ಅಂತ ಸುಮ್ನಿದ್ದೆ."

ಅದರಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು ಅಷ್ಟೇ. ಜಗತ್ತಿನಲ್ಲಿ ಎಲ್ಲರನ್ನೂ ಅನುಮಾನಿಸಿದ ಮನುಷ್ಯನನ್ನು ಒಂದು ಕ್ಷಣವೂ ಅನುಮಾನಿಸದೆ ಬದುಕಿದವಳು ಆಕೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇಂದ್ರಾಣಿ ಅಪ್ಪನ ಜೊತೆ ಮಾತು ಬಿಟ್ಟಳು. ಫೋನನ್ನು ಅವನ ಕೈಗಿಟ್ಟು ಒಂದೇ ಮಾತು ಹೇಳಿದಳು, "ಕಂಪ್ಲೇಂಟ್ ಕೊಡ್ಸಿದ್ದು ನೀನು. ವಾಪಸ್ ನೀನೇ ತಗೋ."

ಕಂಪನಿಯ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು. "ಕಾರಣ ಏನು ಅಂಕಲ್?"

"ಹುಡುಗಂದು ತಪ್ಪಿಲ್ಲಮ್ಮ. ಅವನನ್ನೇ ಕಳಿಸು."

"ಆಯ್ತು ಅಂಕಲ್, ಆದ್ರೆ ಕಾರಣ ಹೇಳ್ಬೇಕು. ಆಗ ಸ್ಪಂಜ್ ವಾಶ್ ಮಾಡಿ ಹಾಕ್ತಾರೆ ಅಂದಿದ್ರಿ. ಹಾಕ್ತಿರ್ಲಿಲ್ವಾ?"

"ಇಲ್ಲ."

"ಮತ್ತೆ ಇನ್ಫೆಕ್ಷನ್ ಹೇಗಾಯ್ತು?"

ಅಡುಗೆಮನೆಯಲ್ಲಿ ಇಂದ್ರಾಣಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಅವನಿಗೆ ತಿಳಿಯಿತು. ಮಾರಮ್ಮ ಮಂಚದಿಂದ ನೋಡುತ್ತಿದ್ದಳು.

"ಮಷೀನ್ ಆಫ್ ಮಾಡ್ತಿದ್ದಿದ್ದು ನಾನು," ಎಂದ ಪಿಳ್ಳಣ್ಣ. "ನನ್ನಿಂದಾನೇ ನನ್ ಹೆಂಡ್ತಿ ಬೆರಳು ಹೋಯ್ತು. ಬರ್ಕೊಳ್ಳಮ್ಮ."

ಸಂಗಮೇಶ ಬಂದ. ಬರುವುದಿಲ್ಲವೇನೋ ಎಂದು ಪಿಳ್ಳಣ್ಣ ಬೆಳಗಿನಿಂದ ಬೀದಿಯ ತುದಿಯಲ್ಲಿ ನಿಂತಿದ್ದ. ಸ್ಕೂಟರು ಕಂಡದ್ದೇ ಒಳಗೆ ಹೋಗಿ ಮೂಲೆಯಲ್ಲಿ ಕುರ್ಚಿ ಹಿಡಿದು ಕೂತುಬಿಟ್ಟ. ಕ್ಷಮಿಸಪ್ಪಾ ಎನ್ನಬೇಕೆಂದು ಬಾಯಲ್ಲಿ ಜೋಡಿಸಿಕೊಂಡಿದ್ದ ಮಾತು ಹುಡುಗನ ಮುಖ ನೋಡಿದ ಮೇಲೆ ಬರಲಿಲ್ಲ. ಸಂಗಮೇಶನೂ ಅದನ್ನು ಕೆದಕಲಿಲ್ಲ. "ನಮಸ್ಕಾರ್ರಿ," ಎಂದ. ಅಜ್ಜಾರ ಎನ್ನಲಿಲ್ಲ. ಸರಿಬಾರದಿದ್ದ ಆ ಮಾತಿಗಾಗಿ ಪಿಳ್ಳಣ್ಣನ ಕಿವಿ ಈಗ ಕಾದು ಕೂತಿತ್ತು.

ಹುಡುಗ ಗ್ಲೌಸು ಹಾಕಿಕೊಂಡು, ಬೆರಳಿಲ್ಲದ ಆ ಜಾಗವನ್ನು ನೋಡಿದ. ಆಮೇಲೆ ಸಲೈನು ಬಿಟ್ಟು ತೊಳೆದು, ಬಗ್ಗಿ ಒಳಗೆ ನೋಡಿದ.

"ಕೆಂಪು ಬರಾಕತ್ತೈತ್ರಿ ಅವ್ವಾರ," ಎಂದ. "ತಳದಾಗ ಹೊಸ ಮಾಂಸ ಏಳಾಕತ್ತೈತಿ. ಇನ್ನ ಒಂದು ತಿಂಗಳು ಎಲ್ಲೂ ನಿಲ್ಲಲಾರದಂಗ ಓಡಿದ್ರ ನಿಮ್ಮ ಕಾಲು ಎಲ್ಲಿಗೂ ಹೋಗಂಗಿಲ್ಲ."

ಇಂದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಗಮೇಶ ಸ್ಪಂಜು ಕೂರಿಸಿ, ಹಾಳೆ ಅಂಟಿಸಿ, ಮಷೀನು ಹಾಕಿದ. ಆಮೇಲೆ ಅದರ ಮೇಲಿನ ಎರಡು ಗುಂಡಿಗಳನ್ನು ತೋರಿಸಿದ. "ಇದಕ್ಕ ಲಾಕ್ ಐತ್ರಿ. ಲಾಕ್ ಮಾಡಿದ್ರ ಸ್ವಿಚ್ ಒತ್ತಿದ್ರೂ ಬಂದ್ ಆಗಂಗಿಲ್ಲ. ಆದ್ರ ಏನರ ರಕ್ತ ಬಂತು, ಹೆಚ್ಚುಕಡಿಮಿ ಆತು ಅಂದ್ರ ನೀವು ಲಾಕ್ ತೆಗೆದು ಬಂದ್ ಮಾಡಾಕ ಬರಬೇಕು. ಮನ್ಯಾಗಿದ್ದವರೆಲ್ಲ ಕಲತಿದ್ರ ಚಲೋ. ಬರ್ರಿ, ತೋರಸ್ತೀನಿ."

ಇಂದ್ರಾಣಿ ಮಂಚದ ಬಳಿ ಬಗ್ಗಿದಳು. ಪಿಳ್ಳಣ್ಣನ ಕಾಲು ತಾನಾಗಿಯೇ ಅತ್ತ ಎಳೆಯಿತು. ಒಂದು ಮೋಟಾರಿನ ಒಳಗುಟ್ಟು ಹೇಳುತ್ತಿದ್ದಾರೆ ಎಂದರೆ ಅವನು ಕೂತಿರಲು ಸಾಧ್ಯವೇ ಇರಲಿಲ್ಲ. ಎರಡು ಹೆಜ್ಜೆ ಇಟ್ಟು ಮಾರಮ್ಮನ ಮುಖ ನೋಡಿದ.

ಮಾರಮ್ಮ ಬೇಡ ಅನ್ನಲಿಲ್ಲ. ಆದರೆ ಆಕೆಯ ಕೈ ಮೆಲ್ಲಗೆ ಬಂದು ಮಷೀನಿನ ಮೇಲೆ ಕೂತಿತು. ಬೇಕೆಂದು ಇಟ್ಟಳೋ, ತಾನಾಗಿ ಹೋಯಿತೋ, ಗುಂಡಿಗಳು ಅವನಿಗೆ ಕಾಣದ ಹಾಗೆ ಆಕೆಯ ಅಂಗೈ ಅಡ್ಡವಾಗಿತ್ತು. ಅವನು ಇಷ್ಟು ವರ್ಷ ಹಾಲಿನವನನ್ನು, ಗ್ಯಾಸಿನವನನ್ನು ನೋಡುತ್ತಿದ್ದ ಹಾಗೆ ಆಕೆ ಅವನನ್ನು ನೋಡುತ್ತಿದ್ದಳು.

ಪಿಳ್ಳಣ್ಣ ಅಲ್ಲೇ ನಿಂತ.

"ನಂಗೆ ತೋರಿಸ್ಬೇಡಪ್ಪ," ಎಂದ. "ಅವರಿಬ್ರಿಗೇ ಹೇಳ್ಕೊಡು. ನಾನ್ ಹೊರಗಿರ್ತೀನಿ."

ಯಾರೂ ಅವನನ್ನು ತಡೆಯಲಿಲ್ಲ. ಹೊಸ್ತಿಲು ದಾಟುವಾಗ ಹಿಂದಿನಿಂದ ಮಾರಮ್ಮನ ದನಿ ಬಂತು.

"ಬಾಗ್ಲು ಎಳ್ಕೊಂಡ್ ಹೋಗು."

ಪಿಳ್ಳಣ್ಣ ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತ. ಒಳಗೆ ಸಂಗಮೇಶ ಏನೋ ಹೇಳಿಕೊಡುತ್ತಿದ್ದ, ಇಂದ್ರಾಣಿ ಹೂಂ ಅನ್ನುತ್ತಿದ್ದಳು. ಬಾಗಿಲಿನ ಸಂದಿಯಿಂದ ಮಾತುಗಳು ಕೇಳಿಸುವಷ್ಟು ಹತ್ತಿರವಿದ್ದವು. ಅವನು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡ.